ಪಕ್ಕದ ದಾರಿ

"ಹಾಲು ಕರೆಯೋಕೆ ಹೆಂಗೆ ಕೂರ್ತೀರೋ ಹಂಗೇ ಕೂತು ತೋರಿಸಿ, ರುದ್ರಮ್ಮ" ಎಂದರು ಡಾಕ್ಟರ್ ಸರ್ವಮಂಗಳಾ.

ರುದ್ರಮ್ಮ ಕೊಟ್ಟಿಗೆಯ ಕಂಬ ಹಿಡಿದು, ಹಲ್ಲು ಕಚ್ಚಿ, ಎಮ್ಮೆಯ ಪಕ್ಕ ಅರ್ಧ ಕುಕ್ಕುರಿಸಿದಳು. ಸವೆದ ಸೊಂಟದ ಕೀಲು ಅದಕ್ಕಿಂತ ಕೆಳಗೆ ಬಗ್ಗಲಿಲ್ಲ. ಜಯನಗರದ ಆಸ್ಪತ್ರೆಯಿಂದ ಇಬ್ಬರು ಡಾಕ್ಟರು ಇದನ್ನು ನೋಡಲೆಂದೇ ಸುದ್ದಗುಂಟೆಪಾಳ್ಯಕ್ಕೆ ಬಂದದ್ದು ಅವಳ ಗಂಡ ಬೈಲಪ್ಪನಿಗೆ ಸೋಜಿಗವಾಗಿತ್ತು. ಜೊತೆಗೆ ಬಂದ ಕಿರಿಯ ಡಾಕ್ಟರ್ ಅನಂತರಾಮುಗೂ ಅಷ್ಟೇ.

ಎಂಬತ್ತರ ದಶಕದ ಆ ದಿನಗಳಲ್ಲಿ ಕೀಲು ಬದಲಿಸುವುದರಲ್ಲಿ ಸರ್ವಮಂಗಳಾ ಅವರದು ದೊಡ್ಡ ಹೆಸರು. ಯಾವಾಗಲೂ ಸೊಂಟದ ಹಿಂಬದಿಯಿಂದಲೇ ಕೊಯ್ಯುತ್ತಿದ್ದರು. ಹಾಗೆ ಮಾಡಿದರೆ ರೋಗಿ ಬೇಗ ನೆಟ್ಟಗೆ ನಡೆಯುತ್ತಾನೆ. ಆದರೆ ಮರೆತು ಕುಕ್ಕರಗಾಲಲ್ಲಿ ಕೂತರೆ ಹೊಸ ಕೀಲು ಜಾರುವ ಭಯ ಹೆಚ್ಚು. ಅನಂತರಾಮು ಇಂಗ್ಲೆಂಡಿನಲ್ಲಿ ಕಲಿತು ಬಂದದ್ದು ಪಕ್ಕದಿಂದ ಕೊಯ್ಯುವ ದಾರಿ. ಅದರಲ್ಲಿ ಕೀಲು ಭದ್ರ, ಆದರೆ ಬಿಡಿಸಿದ ಸ್ನಾಯು ಸರಿಯಾಗಿ ಕೂಡದಿದ್ದರೆ ಕುಂಟು ಉಳಿಯುತ್ತದೆ. ರುದ್ರಮ್ಮನಿಗೆ ಅದೇ ವಾಸಿ ಎಂದು ಅವನು ವಾದಿಸಿದ್ದ. ಹಿರಿಯರಿಗೆ ಎದುರಾಡಿದೆನಲ್ಲ ಎಂದು ಆಮೇಲೆ ಅಳುಕಿದ್ದ.

ಕೊಟ್ಟಿಗೆಯ ಚಪ್ಪಡಿಯ ಮೇಲೆ ಕೂತು ಸರ್ವಮಂಗಳಾ ಎರಡು ದಾರಿಗಳ ಒಳಿತು ಕೆಡುಕನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಯಾವ ದಾರಿಯಾದರೂ ಸರಿ, ಇನ್ನು ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತೇ ಕರೆಯಬೇಕು ಎಂದರು.

"ಆಗ್ಲವ್ವ. ಆದ್ರೆ ಕರ ಹಗ್ಗ ಬಿಚ್ಕೊಂಡ್ರೆ ಬಗ್ಗಿ ಹಿಡೀದೆ ಸ್ಟೂಲು ಹುಡುಕ್ತಾ ನಿಲ್ತೀನಾ?" ರುದ್ರಮ್ಮ ನಕ್ಕಳು. "ಕುಂಟಿದ್ರೆ ಕುಂಟ್ತೀನಿ ಬುಡಿ. ಎಮ್ಮೆ ಕಾಲ್ಕೆಳಗೆ ಕೀಲು ಜಾರಿ ಬಿದ್ರೆ ಎತ್ತೋರ್ಯಾರು?"

ವಾಪಸು ಬರುವಾಗ ಕಾರಿನಲ್ಲಿ ಸರ್ವಮಂಗಳಾ ಅನಂತರಾಮು ಕಡೆ ತಿರುಗಿದರು.

"ಪಕ್ಕದಿಂದಾನೇ ಆಗ್ಲಿ. ಅದರಲ್ಲಿ ನಿಮ್ಮ ಕೈ ನನಗಿಂತ ಪಳಗಿದೆ. ನೀವು ಮಾಡಿ, ನಾನು ಅಸಿಸ್ಟ್ ಮಾಡ್ತೀನಿ."

"ಅವರು ನಿಮ್ಮನ್ನ ನಂಬ್ಕೊಂಡು ಬಂದಿದಾರೆ, ಮೇಡಂ."

"ಅದಕ್ಕೇ ಹೇಳ್ತಿರೋದು."

ಮರುದಿನ ಸರ್ವಮಂಗಳಾ ಅವರೇ ಹೋಗಿ, ಆಪರೇಷನ್ ಅನಂತರಾಮು ಮಾಡುವುದಕ್ಕೆ ರುದ್ರಮ್ಮನನ್ನು ಒಪ್ಪಿಸಿ ಬಂದರು. ಆಪರೇಷನ್ನಿನ ದಿನ ಮೇಜಿನ ಆಚೆಬದಿ, ಸಹಾಯಕರು ನಿಲ್ಲುವ ಜಾಗದಲ್ಲಿ ನಿಂತು, ಅವನಿಗೆ ಕೀಲು ಕಾಣುವಂತೆ ಸ್ನಾಯುವನ್ನು ಕೊಕ್ಕೆಯಿಂದ ಎಳೆದು ಹಿಡಿದರು. ಅವನು ಕೇಳದೆ ಒಂದು ಮಾತೂ ಆಡಲಿಲ್ಲ. ಹೊಸ ಕೀಲು ಕೂರಿಸಿದ ಮೇಲೆ ಅನಂತರಾಮು ಕಾಲನ್ನು ಮಡಚಿ, ತಿರುಗಿಸಿ ನೋಡಿದ. ಅದು ಕದಲಲಿಲ್ಲ. ಬಿಡಿಸಿದ ಸ್ನಾಯುವನ್ನು ನಿಧಾನವಾಗಿ ಹೊಲಿದು ಕೂಡಿಸಿದ.

ಮನೆಯವರಿಗೆ ಸುದ್ದಿ ಹೇಳುವುದು ಯಾವಾಗಲೂ ಸರ್ವಮಂಗಳಾ ಅವರೇ. ಆ ದಿನ "ನೀವೇ ಹೋಗಿ ಹೇಳಿ" ಎಂದರು. ಕೀಲು ಭದ್ರವಾಗಿದೆ, ಕುಂಟು ಉಳಿಯುವುದೋ ಇಲ್ಲವೋ ನಡೆದಾಗಲೇ ಗೊತ್ತಾಗುವುದು ಎಂದು ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೈಲಪ್ಪ ಅವನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅನಂತರಾಮು ತಿರುಗಿ ನೋಡಿದ. ಅರೆತೆರೆದ ಬಾಗಿಲಿನಾಚೆ, ನಲ್ಲಿಯ ಕೆಳಗೆ, ಕೊಕ್ಕೆ ಹಿಡಿದು ಮರಗಟ್ಟಿದ ಬೆರಳುಗಳನ್ನು ಸರ್ವಮಂಗಳಾ ಒಂದೊಂದಾಗಿ ನೀವಿ ಬಿಡಿಸಿಕೊಳ್ಳುತ್ತಿದ್ದರು.