ಸದ್ದಿಲ್ಲದ ಲಾರಿ

ಬನ್ನಿಮಂಟಪದ ಹಿಂದೆ ಲಾರಿ ರಿಪೇರಿಯ ಶೆಡ್ಡುಗಳು ಸಾಲಾಗಿರುವ ಕಡೆ ಯೋಗೇಂದ್ರನದು ಸೈಲೆನ್ಸರ್ ಕೆಲಸ. ಅವನ ಹತ್ತಿರ ಬರುವವರೆಲ್ಲ ಸದ್ದು ಬೇಕೆಂದೇ ಬರುತ್ತಿದ್ದರು. ಗಾಡಿ ಗುರುಗುಟ್ಟಬೇಕು, ಗೇರ್ ಇಳಿಸಿದರೆ ಬೀದಿಯವರೆಲ್ಲ ತಿರುಗಿ ನೋಡಬೇಕು. ಕೇಳಿದ್ದನ್ನು ಮಾಡಿಕೊಟ್ಟು, ಅವರು ಹೋದ ಮೇಲೆ ಬೈದುಕೊಳ್ಳುತ್ತಿದ್ದ. ಸದ್ದು ಮಾಡಿಸಲು ಬುದ್ಧಿ ಏಕೆ ಬೇಕು, ಒಳಗಿರುವುದನ್ನೆಲ್ಲ ಕಿತ್ತು ಬಿಸಾಕಿದರಾಯಿತಲ್ಲ ಎಂಬುದು ಅವನ ಕೊರಗು.

ಹಾಗಾಗಿ ಸುನಿಲ್ ಎಂಬವನು ತನ್ನ ಹಳೆಯ ಟಿಪ್ಪರ್ ಲಾರಿಯನ್ನು ತಂದು ನಿಲ್ಲಿಸಿ, "ಅಣ್ಣ, ಇದು ಬಂದದ್ದೂ ಗೊತ್ತಾಗ್ಬಾರ್ದು, ಹೋದದ್ದೂ ಗೊತ್ತಾಗ್ಬಾರ್ದು. ಅಂಗ್ ಮಾಡ್ಕೊಡಿ" ಎಂದಾಗ ಯೋಗೇಂದ್ರ ಕೈಯಲ್ಲಿದ್ದ ಗ್ರೈಂಡರನ್ನು ಕೆಳಗಿಟ್ಟ.

"ಯಾಕೆ?"

"ಮನೇಲಿ ಹಸುಗೂಸು. ನಾನು ಗಾಡಿ ತಿರುಗ್ಸಿದ್ರೆ ಬೆಚ್ಚಿಬಿದ್ದು ಎದ್ಬುಡ್ತದೆ."

ಮನೆ ಕಟ್ಟುವವರಿಗೆ ಮರಳು ಹೊಡೆಯುವ ಸುನಿಲ್ ಮೆದು ಮಾತಿನವನು. ಬರುವಾಗ ಎಲ್ಲರಿಗೂ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ಅವನ ಲಾರಿಯ ಸೈಲೆನ್ಸರ್ ಒಳಗೆಲ್ಲ ತುಕ್ಕು ತಿಂದು, ಎರಡು ಬೀದಿ ಆಚೆಯಿಂದಲೇ ಡಬಡಬ ಎಂದು ಕೇಳುತ್ತಿತ್ತು.

ಯೋಗೇಂದ್ರ ಸೀಮೆಸುಣ್ಣ ತಗೊಂಡು ಶೆಡ್ಡಿನ ನೆಲದ ಮೇಲೆಯೇ ಬರೆದ. ಇಂಜಿನ್ನಿನಿಂದ ಇಳಿಯುವ ಪೈಪು, ಅಲುಗಾಟ ತಡೆಯಲು ಅದಕ್ಕೊಂದು ಸುರುಳಿ ಜಾಯಿಂಟು. ಆಮೇಲೆ ಮೊದಲನೆಯ ಡಬ್ಬಿ, ಒಳಗೆ ತೂತು ಕೊರೆದ ಕೊಳವೆ, ಸುತ್ತ ಗಾಜಿನ ಉಣ್ಣೆ. ಅದರ ಬೆನ್ನಿಗೇ ಇನ್ನೊಂದು ಡಬ್ಬಿ, ಅದರೊಳಗೆ ಹೊಗೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಸುಸ್ತಾಗಿ ಹೊರಬರುವ ಹಾಗೆ ಮೂರು ಕೊಳವೆ. ಪೈಪಿನ ಬಾಯಿ ಹಿಂದಿನ ಚಕ್ರದ ಪಕ್ಕ ನೆಲಕ್ಕೆ ಮುಖ ಮಾಡಿರಬೇಕು. ಸದ್ದು ಅಡಗಿಸುತ್ತೇನೆಂದು ಪೈಪನ್ನು ಕಿರಿದು ಮಾಡಿದರೆ ಹೊಗೆ ಹೊರಗೆ ಹೋಗಲಾರದೆ ಇಂಜಿನ್ನು ಉಸಿರುಕಟ್ಟುತ್ತದೆ, ಲೋಡು ಹತ್ತಿಸಿದರೆ ದಿಣ್ಣೆ ಏರುವುದಿಲ್ಲ. ಎಳೆತವೂ ಹೋಗಬಾರದು, ಸದ್ದೂ ಇರಬಾರದು. ಇಂಥ ಕೆಲಸಕ್ಕೆ ಅವನು ಎಷ್ಟು ವರ್ಷದಿಂದ ಕಾದಿದ್ದನೋ. ಊಟಕ್ಕೆ ಕೂತರೂ ಕಣ್ಣು ನೆಲದ ಗೆರೆಗಳ ಮೇಲೇ ಇರುತ್ತಿತ್ತು.

ಮೊದಲನೆಯ ಡಬ್ಬಿ ಸಿದ್ಧವಾಗಿ ಎರಡನೆಯದರ ತಗಡು ಬಾಗಿಸುತ್ತಿದ್ದ ದಿನ ಒಬ್ಬಳು ಹೆಂಗಸು ಶೆಡ್ಡಿನ ಮುಂದೆ ನಿಂತಳು. ಲಾರಿಯ ನಂಬರ್ ಪ್ಲೇಟನ್ನೇ ನೋಡುತ್ತಿದ್ದಳು. ಕೊರಳಲ್ಲಿ ಟೈಲರ್ ಟೇಪು ಹಾಗೇ ಇತ್ತು.

"ಇದರ ಸದ್ದು ನಿಲ್ಲುಸ್ತಿದೀರಾ?"

"ಹೌದಮ್ಮ. ನೀವ್ಯಾರು?"

"ಗಗನ ಅಂತ. ಇದರ ಓನರ್ ಹೆಂಡ್ತಿ. ಈಗ ರಾಮಕೃಷ್ಣನಗರದಲ್ಲಿ ನಮ್ಮವ್ವನ ಜೊತೆ ಇದೀನಿ. ನಾಕ್ ದಿನದಿಂದ ಗಾಡಿ ಸದ್ದೇ ಕೇಳ್ಲಿಲ್ಲ. ಭಯ ಆಗಿ ಹುಡಿಕ್ಕೊಂಡ್ ಬಂದೆ."

ಯೋಗೇಂದ್ರನಿಗೆ ಅರ್ಥವಾಗಲಿಲ್ಲ. ಸದ್ದು ಕೇಳದಿದ್ದರೆ ಭಯ ಏಕೆ ಎಂದ.

ಅವಳು ಶೆಡ್ಡಿನೊಳಗೆ ಬಂದು ಮೆಲ್ಲಗೆ ಹೇಳಿದಳು. ಸುನಿಲ್ ಆಗಾಗ ಮನೆ ಮುಂದೆ ಬರುತ್ತಾನೆ. ಗಾಡಿ ದೊಡ್ಡ ರಸ್ತೆಯಿಂದ ತಿರುಗುವಾಗಲೇ ಸದ್ದು ಕೇಳಿಸುತ್ತದೆ. ಅವಳು ಹೊಲಿಗೆ ಬಿಟ್ಟು ಗೇಟಿಗೆ ಬೀಗ ಹಾಕಿ, ಬಾಗಿಲ ಚಿಲಕ ಜಡಿದು ಒಳಗೆ ಕೂರುತ್ತಾಳೆ. ಅವನು ಕೂಗಾಡಿ ಹೋಗುತ್ತಾನೆ. ಕಂಪ್ಲೇಂಟೂ ಕೊಟ್ಟಾಗಿದೆ. "ನನ್ನ ಈ ಗಾಡಿ ಸದ್ದೇ ಉಳಿಸಿರೋದು ಅಣ್ಣ."

"ಕೂಸು ಎಚ್ಚರ ಆಗ್ತದೆ ಅಂದ್ನಲ್ಲ?"

"ಯಾವ ಕೂಸು? ಅದು ಹೊಟ್ಟೇಲೇ ಹೋಯ್ತು. ಒದ್ದಿದ್ದು ಅವ್ನೇ."

ಕೆಲಸ ಬಿಟ್ಟುಬಿಡಿ ಎಂದು ಅವಳು ಕೇಳಲಿಲ್ಲ. "ನೀವು ಬುಟ್ರೆ ಇನ್ನೊಬ್ರ ತಾವ ಹೋಯ್ತಾನೆ. ಎಲ್ಲಾದ್ರೂ ಒಂಚೂರು ಸಂದು ಬುಡಿ ಅಣ್ಣ. ಅವನ್ಗೆ ಗೊತ್ತಾಗ್ಬಾರ್ದು, ನಂಗೆ ಗೊತ್ತಾದ್ರೆ ಸಾಕು" ಎಂದಳು. ಯೋಗೇಂದ್ರ ಆಗಲಿ ಎಂದ. ಅವಳು ಕೈಮುಗಿದು, ಫೋನ್ ನಂಬರ್ ಕೊಟ್ಟು ಹೋದಳು.

ಅವನು ಮಾತಿನಂತೆಯೇ ನಡೆದ. ಎರಡು ಡಬ್ಬಿಗಳು ಸೇರುವ ಕಡೆ, ಮೇಲುಭಾಗದಲ್ಲಿ, ಯಾರು ಬಗ್ಗಿ ನೋಡಿದರೂ ಕಾಣದಂತೆ ಬೆರಳಗಲ ಜಾಗವನ್ನು ವೆಲ್ಡಿಂಗ್ ಮಾಡದೆ ಬಿಟ್ಟ. ಎಲ್ಲವನ್ನೂ ರಬ್ಬರ್ ಹಿಡಿಕೆಗಳಿಗೆ ತೂಗುಹಾಕಿ ಇಂಜಿನ್ ಶುರು ಮಾಡಿದ. ಗಾಡಿ ಬೆಕ್ಕಿನಂತೆ ಗೊರಗುಟ್ಟಿತು. ಆದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಮೇಲಿನಿಂದ ಚಟ್ ಚಟ್ ಚಟ್ ಎಂದು ಒಡಕು ಸದ್ದು.

ಪಕ್ಕದ ಶೆಡ್ಡಿನಲ್ಲಿ ಗೇರ್‌ಬಾಕ್ಸ್ ಕೆಲಸ ಮಾಡುವ ಮಹದೇವು ಕೈ ಒರೆಸಿಕೊಳ್ಳುತ್ತಾ ಬಂದ. ಅವನ ಹಿಂದೆ ಇನ್ನಿಬ್ಬರು. ಈ ಕೆಲಸದ ಬಗ್ಗೆ ಯೋಗೇಂದ್ರ ವಾರವಿಡೀ ಹೇಳಿಕೊಂಡಿದ್ದು ಕೇಳಿ ಎಲ್ಲರಿಗೂ ಸಾಕಾಗಿತ್ತು.

"ಲೀಕ್ ಐತಲ್ಲೋ" ಎಂದ ಮಹದೇವು.

"ಹೊಸದು. ಕೂತ್ಕೊಳ್ತದೆ."

"ಎಲ್ಲಿ ಕೂತ್ಕೊಳ್ತದೆ, ಜಾಯಿಂಟೇ ಬಿಟ್ಟದೆ. ನಿನ್ ಕೈಗೂ ವಯಸ್ಸಾಯ್ತು ಬುಡು." ಹಿಂದಿದ್ದವರು ನಕ್ಕರು. ಒಬ್ಬ, ಇದನ್ನು ನಮ್ಮ ಹತ್ತಿರ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು ಎಂದ.

ಅವರು ಹೋದ ಮೇಲೂ ಯೋಗೇಂದ್ರ ಇಂಜಿನ್ ಆರಿಸಲಿಲ್ಲ. ಲಾರಿಯ ಸುತ್ತ ಬಂದ, ಕೂತ, ಎದ್ದ. ಆ ಚಟ್ ಚಟ್ ಅವನ ಹಲ್ಲಿನೊಳಗೇ ಬಡಿದಂತಾಗುತ್ತಿತ್ತು. ನಾಳೆ ಈ ಗಾಡಿ ಊರೆಲ್ಲ ಓಡಾಡುತ್ತದೆ, ಇದು ಯೋಗೇಂದ್ರ ಮಾಡಿದ್ದು ಅಂತಾರೆ. ಗಂಡ ಹೆಂಡತಿ ಜಗಳ, ಯಾರದು ಎಷ್ಟು ನಿಜವೋ. ಅವಳಿಗೆ ಫೋನ್ ಮಾಡಿ ಹೇಳಿಬಿಟ್ಟರಾಯಿತು, ಗೇಟಿಗೆ ಬೀಗ ಹಾಕಿಕೊಂಡೇ ಇರಲಿ ಎಂದುಕೊಂಡ. ಇಂಜಿನ್ ಆರಿಸಿ, ಪೈಪು ತಣ್ಣಗಾಗುವವರೆಗೂ ಕಾಯದೆ ಲಾರಿಯ ಕೆಳಗೆ ತೂರಿ ಸಂದು ಮುಚ್ಚಿದ. ಅವನ ಜೀವಮಾನದಲ್ಲೇ ಅಷ್ಟು ನುಣುಪಾದ ವೆಲ್ಡಿಂಗ್ ಬಿದ್ದಿರಲಿಲ್ಲ.

ಮತ್ತೆ ಶುರು ಮಾಡಿದಾಗ ಮಹದೇವು ಹಿಂದೆ ಹೋಗಿ, ಹೊಗೆ ಬರುತ್ತಿದೆಯೋ ಇಲ್ಲವೋ ಎಂದು ಕೈ ಹಿಡಿದು ನೋಡಬೇಕಾಯಿತು. "ಇದು ಕೆಲ್ಸ ಕಣೋ" ಎಂದ. ಸುನಿಲ್ ಲೋಡು ಹಾಕಿಸಿ ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಎಳೆತ ಒಂದು ಚೂರೂ ಕಮ್ಮಿ ಆಗಿಲ್ಲ ಎಂದು ಯೋಗೇಂದ್ರನ ಕಾಲು ಮುಟ್ಟಿದ.

ಯೋಗೇಂದ್ರ ಫೋನ್ ಮಾಡಲಿಲ್ಲ. ಮಾಡಿದರೆ, ಸಂದು ಏಕೆ ಮುಚ್ಚಿದಿರಿ ಎಂದು ಕೇಳುತ್ತಾಳಲ್ಲ. ಏನೆಂದು ಹೇಳಬೇಕೋ ತಿಳಿಯದೆ ದಿನ ದೂಡಿದ.

ಅದೇ ವಾರದ ಶುಕ್ರವಾರ ಬೆಳಿಗ್ಗೆ ಗಗನ ಮನೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ರಂಗೋಲಿ ಬಿಡುತ್ತಿದ್ದಳು. ಲಾರಿ ಅವಳ ಬೆನ್ನ ಹಿಂದೆ ಬಂದು ನಿಂತಿತು. ಎದುರು ಮನೆಯವರೂ ತಲೆ ಎತ್ತಲಿಲ್ಲ. ಸುನಿಲ್ ವೀಲ್ ಸ್ಪ್ಯಾನರ್ ಹಿಡಿದು ಇಳಿದ. ಮೊದಲನೆಯ ಏಟು ಸೊಂಟಕ್ಕೆ. ಬಿದ್ದವಳು ಮುಖಕ್ಕೆ ಕೈ ಅಡ್ಡ ಹಿಡಿದಳು. ಅವನಿಗೂ ಬೇಕಿದ್ದದ್ದು ಕೈಗಳೇ. ಹೊಲಿದು ಬದುಕುತ್ತೀಯಾ, ಹೊಲಿ ಈಗ ಎನ್ನುತ್ತಾ ಎರಡನ್ನೂ ನೆಲಕ್ಕೆ ಒತ್ತಿ ಹೊಡೆದ. ಜನ ಸೇರಿ ಹಿಡಿದರು. ಈಗ ಅವನು ಒಳಗಿದ್ದಾನೆ.

ಸುದ್ದಿಯನ್ನು ಶೆಡ್ಡಿಗೆ ತಂದದ್ದು ಮಹದೇವು. ಯೋಗೇಂದ್ರ ಒಂದು ವಾರ ತಡೆದು, ಆಸ್ಪತ್ರೆಯಿಂದ ಅವಳು ಮನೆಗೆ ಬಂದ ಮೇಲೆ ಹಣ್ಣು ಹಿಡಿದು ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲಿ ಜೋಡಿಸಿಕೊಂಡೇ ಹೋದ.

ಗಗನ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈಗಳಿಗೆ ಮೊಣಕೈವರೆಗೆ ಪ್ಲಾಸ್ಟರ್. ಬೆರಳುಗಳು ಮತ್ತೆ ಮಡಚುತ್ತವೆಂದು ಡಾಕ್ಟರು ಹೇಳಿಲ್ಲ ಎಂದು ಅವಳ ತಾಯಿ ಬೆಟ್ಟಮ್ಮ ಬಾಗಿಲಲ್ಲೇ ಹೇಳಿದ್ದಳು. ಅವನನ್ನು ಕಂಡು ಗಗನ ಏಳಲು ನೋಡಿದಳು.

"ಕೇಳಿಸ್ಲೇ ಇಲ್ಲ ಅಣ್ಣ" ಎಂದಳು. "ನೀವು ಸಂದು ಬುಟ್ಟಿದ್ರಿ ಅಲ್ವಾ?"

ಯೋಗೇಂದ್ರ ಬಾಯಿ ತೆರೆದ. ಬೆಟ್ಟಮ್ಮ ಕಾಫಿ ಲೋಟ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು.

"ಬಿಟ್ಟಿದ್ದೆ ಕಣಮ್ಮ" ಎಂದ.

ಬೆಟ್ಟಮ್ಮ ಲೋಟವನ್ನು ಕುಕ್ಕಿ ಇಟ್ಟಳು. "ನಾ ಆವತ್ತಿಂದ ಬಡ್ಕೊಂಡೆ, ಗೇಟ್ ಬೀಗ ತೆಗೀಬ್ಯಾಡ, ಕಿವಿ ಮ್ಯಾಲೆ ಗ್ಯಾನ ಮಡಗು ಅಂತ. ಸದ್ದು ಕೇಳ್ತದೆ ಬುಡವ್ವ ಅಂದ್ಲು. ಗ್ಯಾನ ಎಲ್ಲಿತ್ತೋ ಇವಳ್ಗೆ."

"ಪಕ್ಕದ ಮನೇಲಿ ರೇಡಿಯೋ ಹಾಕಿದ್ರು" ಎಂದಳು ಗಗನ. ಎಷ್ಟು ಸಲ ಯೋಚಿಸಿ ಹುಡುಕಿಕೊಂಡ ಕಾರಣವೋ, ಹೇಳುವಾಗ ತಲೆ ತಗ್ಗಿಸಿದ್ದಳು. "ನಾನೂ ಅದ್ರ ಜೊತೆ ಗುನುಗ್ತಾ ಇದ್ದೆ ಅನ್ಸುತ್ತೆ. ನನ್ದೇ ತಪ್ಪು. ನೀವು ಅಷ್ಟು ಮಾಡ್ಕೊಟ್ರೂ ದಂಡ ಆಯ್ತು. ಬೇಜಾರ್ ಮಾಡ್ಕೋಬ್ಯಾಡಿ."

ಯೋಗೇಂದ್ರ ಕಾಫಿ ಕುಡಿದು ಮುಗಿಸಿದ.

"ಇರ್ಲಿ ಬಿಡಮ್ಮ" ಎಂದು ಎದ್ದ.