ಮೊದಲು ಎರ್ರಣ್ಣನ್ನ ಕೇಳಿ ಬರ್ರಿ

"ಹೆಗಲು ಬಿಡ್ರಿ ಮಾಮಾ, ಸಾಕು," ಎಂದು ಇನಾಯತ್ ಎರಡನೆಯ ಸಲ ಹೇಳಿದರೂ ಎರ್ರಣ್ಣ ಶವ ಹೊತ್ತ ಜನಾಜಾದ ಹಿಡಿಮರವನ್ನು ಬಿಡಲಿಲ್ಲ.

ಮಸೀದಿಯಿಂದ ಖಬರಸ್ತಾನಕ್ಕೆ ಅರ್ಧ ಮೈಲಿ. ಹತ್ತು ಹೆಜ್ಜೆಗೊಬ್ಬರು ಮುಂದೆ ಬಂದು ಹೆಗಲು ಕೊಟ್ಟು ಹಿಂದೆ ಸರಿಯುವುದು ವಾಡಿಕೆ. ಎರ್ರಣ್ಣನಿಗೆ ಎಪ್ಪತ್ತು ಸಮೀಪಿಸಿತ್ತು. ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿ ದುಡಿದ ಮೈ ನಿಜ, ಆದರೆ ಸಿರುಗುಪ್ಪದ ಮಧ್ಯಾಹ್ನದ ಬಿಸಿಲು ಯಾರ ಮುಲಾಜನ್ನೂ ನೋಡುವುದಿಲ್ಲ. ತಲೆಗೆ ಸುತ್ತಿದ್ದ ಟವೆಲ್ಲು ತೊಯ್ದು ಬೆವರು ಹುಬ್ಬಿಗಿಳಿಯುತ್ತಿತ್ತು. ತಂದೆಯನ್ನು ಕಳೆದುಕೊಂಡ ಹುಡುಗನ ಮಾತನ್ನು ತೆಗೆದುಹಾಕಬಾರದೆಂದು, "ಆ ಬೇವಿನ ಮರದ ತನಕ ಬರ್ತೀನಪ್ಪ," ಎಂದ. ಮರ ಬಂತು, ಹಿಂದೆ ಹೋಯಿತು. ಎರ್ರಣ್ಣ ನಡೆಯುತ್ತಲೇ ಇದ್ದ.

ಬೆನ್ನ ಹಿಂದೆ ಔಷಧಿ ಅಂಗಡಿಯ ಪಂಪಣ್ಣ ಪಕ್ಕದವನಿಗೆ ಹೇಳುತ್ತಿದ್ದ. "ನಲವತ್ತು ವರ್ಷ ಈ ಊರಾಗ ಮನಿ ಕೊಡಿಸಿದ ಮನುಷ್ಯ. ನಮ್ಮ ಮನಿನೂ ಅವರ ಕೊಡಿಸಿದ್ದು. ಬ್ರೋಕರ್ ಅಂದ್ರ ಮಂದಿ ಮುಖ ತಿರುವ್ತಾರ, ಆದ್ರ ಜಿಲಾನಿ ಸಾಬರದು ಒಂದ ಒಂದು ವ್ಯವಹಾರ ತಪ್ಪಿಲ್ಲ ನೋಡ್ರಿ."

ಎರ್ರಣ್ಣ ಕತ್ತನ್ನಷ್ಟೇ ಹೊರಳಿಸಿದ.

"ಒಂದು ತಪ್ಪೈತಿ ಪಂಪಣ್ಣ. ಅದು ನಂದು."

*

ಇಪ್ಪತ್ತೆರಡು ವರ್ಷದ ಹಿಂದೆ ಜಿಲಾನಿ ಎರ್ರಣ್ಣನಿಗೆ ಒಂದು ಮನೆ ಕೊಡಿಸಿದ್ದ. ಮುಂದೆ ಪಡಸಾಲೆ, ಹಿಂದೆ ಎರಡು ಕೋಣೆ, ಹಿತ್ತಲು. ಮಾರಿದವರು ಅಣ್ಣತಮ್ಮಂದಿರು. "ನಮ್ಮಪ್ಪಗ ನಾವಿಬ್ಬರ," ಎಂದಿದ್ದರು. ಜಿಲಾನಿ ಕಾಗದಗಳನ್ನು ಬೆಳಕಿಗೆ ಹಿಡಿದು ಹಿಡಿದು ಓದಿದ್ದ. ಎಲ್ಲಿಯೂ ತಪ್ಪು ಕಾಣಲಿಲ್ಲ.

ಗೋಡೆಗೆ ಬಳಿದ ಸುಣ್ಣ ಒಣಗುವುದರೊಳಗೆ ಬಳ್ಳಾರಿ ಕೋರ್ಟಿನ ನೋಟೀಸು ಬಂತು. ಅಣ್ಣತಮ್ಮಂದಿರಿಗೆ ಅಂಬಮ್ಮನೆಂಬ ಅಕ್ಕನಿದ್ದಳು. ಆದೋನಿ ಕಡೆಗೆ ಮದುವೆಯಾಗಿ ಹೋದವಳು. ತವರಿನ ಮನೆ ಮಾರಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ತನ್ನ ಪಾಲು ಕೇಳಿ ದಾವೆ ಹೂಡಿದ್ದಳು.

ಎರ್ರಣ್ಣ ನೋಟೀಸನ್ನು ಮುಷ್ಟಿಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಗೆ ಹೋದ. ಜಿಲಾನಿ ಬೆಂಚಿನ ಮೇಲೆ ಕೂತಿದ್ದ. ಎರ್ರಣ್ಣ ನಾಲ್ಕು ಜನರೆದುರು ಅವನ ಕಪಾಳಕ್ಕೆ ಬಾರಿಸಿದ. ಕನ್ನಡಕ ಚಹಾದ ಗ್ಲಾಸಿನೊಳಗೆ ಬಿತ್ತು. ಜಿಲಾನಿ ಅದನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು, ನೋಟೀಸನ್ನು ಕೇಳಿ ಪಡೆದು ಪೂರ್ತಿ ಓದಿದ.

"ನಾ ಕಾಗದ ನೋಡಿದೆ. ಓಣಿ ಕೇಳಲಿಲ್ಲ," ಎಂದ. "ಎದುರು ಮನಿ ಮುದುಕಿನ್ನ ಒಂದು ಮಾತು ಕೇಳಿದ್ರ ಹೇಳ್ತಿದ್ಲು. ತಪ್ಪು ನಂದ ಐತಿ. ಕೋರ್ಟಿನ ವಾಯ್ದೆ ಯಾವತ್ತು? ನಾನೂ ಬರ್ತೀನಿ."

ಬಾಯಿಮಾತು ಅಂದುಕೊಂಡಿದ್ದ ಎರ್ರಣ್ಣ. ಆದರೆ ವಾಯ್ದೆಯ ದಿನ ಬಳ್ಳಾರಿ ಬಸ್ಸಿನ ಕೊನೆಯ ಸೀಟಿನಲ್ಲಿ ಜಿಲಾನಿ ಕೂತಿದ್ದ. ಮುಂದಿನ ವಾಯ್ದೆಗೂ ಕೂತಿದ್ದ. ಅದರ ಮುಂದಿನದಕ್ಕೂ. ಒಂದು ವರ್ಷ ಎರ್ರಣ್ಣ ಡ್ರೈವರನ ಹಿಂದೆ, ಜಿಲಾನಿ ಕೊನೆಯಲ್ಲಿ; ಒಬ್ಬರಿಗೊಬ್ಬರು ಮಾತಿಲ್ಲ.

ಒಂದು ದಿನ ಕುರುಗೋಡು ಕ್ರಾಸಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ಸುತ್ತ ಇದ್ದದ್ದು ಒಂದೇ ಜಾಲಿಮರ. ಎರ್ರಣ್ಣ ಒಂದು ಮಗ್ಗುಲಿಗೆ ಕೂತ, ಜಿಲಾನಿ ಇನ್ನೊಂದು ಮಗ್ಗುಲಿಗೆ. ಸ್ವಲ್ಪ ಹೊತ್ತಿಗೆ ಬುತ್ತಿಯ ಗಂಟು ಬಿಚ್ಚಿದ ಸದ್ದಾಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

"ಇಷ್ಟು ರೊಟ್ಟಿ ಒಬ್ಬಾತಗೇನು?" ಎಂದು ಎರ್ರಣ್ಣನ ಬಾಯಿಂದ ತಾನಾಗಿಯೇ ಬಂತು.

"ಇಬ್ಬರಿಗೆ," ಎಂದ ಜಿಲಾನಿ. "ನಮ್ಮ ಮನ್ಯಾಕಿ ಗುಲ್ಜಾರಬೀ ಪ್ರತಿ ವಾಯ್ದೆಗೂ ಇಬ್ಬರಿಗಂತನ ಕಟ್ಟತಾಳ. ಒಂದು ವರ್ಷ ಆತು, ಅರ್ಧ ಬುತ್ತಿ ಹೊಳ್ಳಿ ಒಯ್ಯಾಕತ್ತೀನಿ. ದಿನಾ ಬೈತಾಳ."

ಎರ್ರಣ್ಣ ಕೈ ಚಾಚಿದ.

ದಾವೆ ಹನ್ನೊಂದು ವರ್ಷ ನಡೆಯಿತು. ಕಡೆಗೆ ಅಂಬಮ್ಮನ ಪಾಲು ಅಂಬಮ್ಮನಿಗೆ ಹೋಯಿತು. ನ್ಯಾಯವೇ ಅದು, ಎರ್ರಣ್ಣನೂ ಒಳಗೊಳಗೆ ಒಪ್ಪಿದ್ದ. ಹಿಂದಿನ ಒಂದು ಕೋಣೆಯೂ ಹಿತ್ತಲೂ ಆಚೆಗಾದವು, ನಡುವೆ ಗೋಡೆ ಎದ್ದಿತು. ಗೋಡೆ ಕಟ್ಟುವ ದಿನ ಜಿಲಾನಿ ಮುಂಜಾನೆಯಿಂದ ಸಂಜೆಯವರೆಗೆ ಅಲ್ಲೇ ನಿಂತಿದ್ದ. ಮೇಸ್ತ್ರಿ ಹೋದ ಮೇಲೆ ಹಸಿ ಗೋಡೆಯ ಮೇಲೆ ಅಂಗೈಯಿಟ್ಟು, "ಇದನ್ನ ಮಂದಿಗೆ ತೋರಸ್ಬೇಕು ಎರ್ರಣ್ಣ," ಎಂದ.

ತಮಾಷೆಯಾಗಿರಲಿಲ್ಲ. ಮರುವಾರದಿಂದಲೇ ಮನೆ ಹುಡುಕುವವರು ಎರ್ರಣ್ಣನ ಬಾಗಿಲು ತಟ್ಟತೊಡಗಿದರು. ದೇಶನೂರಿನ ರೈತರು, ಸಾಲಿ ಮಾಸ್ತರು, ಹೊಸದಾಗಿ ಮದುವೆಯಾದವರು. ಎಲ್ಲರದೂ ಒಂದೇ ಮಾತು: "ಜಿಲಾನಿ ಸಾಬರು ಕಳಿಸ್ಯಾರ. ಮೊದಲು ಎರ್ರಣ್ಣನ್ನ ಕೇಳಿ ಬರ್ರಿ ಅಂದ್ರು."

"ನನ್ನ ಮನಿ ಏನ್ ಜಾತ್ರಿಯಾಗಿನ ಗೊಂಬಿ ಏನಲೇ?" ಎಂದು ಎರ್ರಣ್ಣ ಜಿಲಾನಿಯ ಮೇಲೆ ರೇಗಿದ.

"ನಾ ಚಲೋ ಮನಿ ಕೊಡಿಸಿದವ್ರು ನನ್ನ ಚಲೋನ ಅಂತಾರ," ಎಂದಿದ್ದ ಜಿಲಾನಿ. "ಅದನ್ನ ಕೇಳಿ ಮಂದಿಗೆ ಏನು ತಿಳೀತೈತಿ? ನಾ ಕೆಡಿಸಿದಾತನ್ನ ಕೇಳ್ಬೇಕು."

ಬಂದವರಿಗೆ ಎರ್ರಣ್ಣ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಅಕ್ಕನ ಕತೆ, ಕಪಾಳದ ಕತೆ, ಬಸ್ಸಿನ ಕತೆ. ಕೆಲವರು ಕೇಳಿ ಬೇರೆ ಬ್ರೋಕರನ್ನು ಹುಡುಕಿಕೊಂಡು ಹೋದರು. ಬಹಳ ಮಂದಿ ಜಿಲಾನಿಯ ಹತ್ತಿರವೇ ಮರಳಿದರು.

*

ಎಲ್ಲರಂತೆ ಎರ್ರಣ್ಣನೂ ಗೋರಿಗೆ ಮೂರು ಹಿಡಿ ಮಣ್ಣು ಹಾಕಿದ. ಜಿಲಾನಿಯ ಮನೆಗೆ ಬಂದು ಅಂಗಳದ ಶಾಮಿಯಾನಾದ ಕೆಳಗೆ ಕೂತಾಗ ಹೆಗಲು ನೋಯುತ್ತಿದೆಯೆಂದು ಮೊದಲ ಸಲ ಗೊತ್ತಾಯಿತು.

ಬಾಗಿಲ ಪರದೆಯ ಒಳಗಿನಿಂದ ಗುಲ್ಜಾರಬೀಯ ದನಿ ಬಂತು. "ಎರ್ರಣ್ಣಾ, ಮುಂಜಾನಿಂದ ನೀರು ಸೈತ ಕುಡದಿಲ್ಲಂತ. ಇನಾಯತ್, ಮಾಮಾಗ ಚಹಾ ಕೊಡಪಾ."

ಚಹಾ ಕೈಗೆ ಬರುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಗಂಡಹೆಂಡತಿ ಒಳಗೆ ಬಂದರು. ಗಂಡ ಹುಲಿಗೇಶ್, ಬಸ್ ಕಂಡಕ್ಟರ್. ಹೆಂಡತಿ ಚೈತ್ರಾ, ನರ್ಸು. ಸಿರಿಗೇರಿಯವರು.

"ಎರ್ರಣ್ಣ ಅಂದ್ರ ನೀವೇನ್ರಿ? ನಿಮ್ಮ ಮನಿಗೆ ಹೋಗಿದ್ವಿ, ಇಲ್ಲಿ ಅದಾರ ಅಂದ್ರು," ಎಂದಳು ಚೈತ್ರಾ. "ಜಿಲಾನಿ ಸಾಬರು ನಿನ್ನೆ ಮುಂಜಾನಿ..." ಅವಳ ಕಣ್ಣು ಶಾಮಿಯಾನಾದ ಮೇಲೆ, ತಲೆತಗ್ಗಿಸಿ ಕೂತ ಇನಾಯತ್‌ನ ಮೇಲೆ ಹೋಯಿತು. "ಇದು ಯಾರ ಮನಿರೀ?"

"ಅವರದ ಯವ್ವ. ನಿನ್ನೆ ಸಂಜಿ ನಮಾಜ್ ಮುಗಿಸಿ ಮಲಗಿದಾತ ಏಳಲಿಲ್ಲ. ಕುಂದ್ರು."

ಇಬ್ಬರೂ ಕೂತರು.

"ಏನು ಕೇಳಾಕ ಬಂದಿದ್ರಿ?" ಎಂದ ಎರ್ರಣ್ಣ.

"ಈಗ ಯಾತಕ ಬಿಡ್ರಿ," ಎಂದ ಹುಲಿಗೇಶ್.

"ಕೇಳ್ರಿ. ಆತನ ಕಳಿಸ್ಯಾನಲ್ಲ."

ಚೈತ್ರಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಜಿಲಾನಿ ಸಾಬರನ್ನ ನಂಬಬೋದೇನ್ರಿ?"

ಅಕ್ಕನ ಕತೆಯಿಂದ ಶುರು ಮಾಡುವುದು ರೂಢಿ. ಇಂದು ಅದನ್ನು ತೆಗೆಯಲಿಲ್ಲ. ಅವನು ಚಹಾದ ಗ್ಲಾಸನ್ನು ನೆಲಕ್ಕಿಟ್ಟು, "ನಂಬ್ರಿ," ಎಂದ. ಅಷ್ಟೇ ಎಂದ.

ಹುಲಿಗೇಶ್ ಎಲ್ಲ ಹೇಳಿದ. ಮನೆ ಈ ಊರಿನದೇ. ಸಂಜೆ ಐದರೊಳಗೆ ಅಡ್ವಾನ್ಸ್ ಕೊಡದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಮಾಲೀಕ ಹೇಳಿದ್ದಾನೆ. ಇಬ್ಬರ ಒಂಬತ್ತು ವರ್ಷದ ದುಡಿಮೆಯೆಲ್ಲ ಇದಕ್ಕೇ. ಇವತ್ತು ಬಂದು ನೋಡುತ್ತೇನೆಂದು ಜಿಲಾನಿ ಮಾತು ಕೊಟ್ಟಿದ್ದ.

"ನಾ ಬ್ರೋಕರ್ ಅಲ್ಲಪಾ," ಎಂದ ಎರ್ರಣ್ಣ. "ಮಿಲ್ಲಿನಾಗ ನಟ್ಟು ಬೋಲ್ಟು ತಿರುವಿದಾವ. ನನಗೇನು ತಿಳೀತೈತಿ?"

ಪರದೆ ಅಲುಗಿತು.

"ಹೋಗಿ ಬಾ ಎರ್ರಣ್ಣಾ," ಎಂದಳು ಗುಲ್ಜಾರಬೀ. ಅತ್ತು ಅತ್ತು ದನಿ ಒಡೆದಿತ್ತು. "ಅವರಿದ್ದಿದ್ರ ಈಟೊತ್ತಿಗೆ ಚಪ್ಪಲಿ ಮೆಟ್ಟಿರ್ತಿದ್ರು. ಹತ್ತು ವರ್ಷ ಬಸ್ಸಿನಾಗ ಅವರ ಮಗ್ಗಲಾಗ ಕುಂತೀದಿ, ಏನೂ ಕಲೀಲಿಲ್ಲೇನು?"

*

ಮನೆ ಚೆನ್ನಾಗಿತ್ತು. ಗಾಳಿ, ಬೆಳಕು, ಬಾಗಿಲಿಗೆ ನಳ. ಚೈತ್ರಾ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತವಳು ಬಹಳ ಹೊತ್ತು ಈಚೆಗೆ ಬರಲಿಲ್ಲ. ಮಾಲೀಕ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಹರಡಿದ.

"ಎಲ್ಲಾ ಕ್ಲಿಯರ್ ಐತ್ರಿ. ನಮ್ಮಪ್ಪಗ ನಾವು ಇಬ್ಬರು ಗಂಡು, ಒಬ್ಬಾಕಿ ತಂಗಿ. ಮೂರು ಮಂದಿನೂ ಸಹಿ ಮಾಡ್ತೀವಿ. ಐದಾಗಾಕ ಬಂತು."

"ಓದ್ರಿ, ಈಗ ಬಂದೆ," ಎಂದು ಹುಲಿಗೇಶನಿಗೆ ಹೇಳಿ ಎರ್ರಣ್ಣ ಹೊರಗೆ ಬಂದ. ಎದುರು ಮನೆಯ ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಕಟ್ಟೆಯ ಅಂಚಿಗೆ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ನೀರು ಕೇಳಿದ. ಕುಡಿದ. ಯಾವೂರು, ಯಾರ ಪೈಕಿ ಎಂಬುದೆಲ್ಲ ಆಯಿತು.

"ಅಜ್ಜೀ, ಈ ಎದುರು ಮನಿ ಯಜಮಾನಗ ಮಕ್ಕಳು ಎಷ್ಟು ಮಂದಿ?"

"ಸತ್ತೋದನಲ್ಲ, ಆತಗೇನು?"

"ಹೂಂ. ಆತಗ."

ಬಾಗಿಲಲ್ಲಿ ಮಾಲೀಕ ಪೆನ್ನು ಹಿಡಿದು ನಿಂತು, "ಬರ್ರಿ ಹಿರಿಯರ, ಹೊತ್ತಾತು," ಎಂದು ಕರೆದ. ಎರ್ರಣ್ಣ ತಿರುಗಿ ನೋಡಲಿಲ್ಲ. ಚೈತ್ರಾ ಹೊರಬಂದು ಸದ್ದಿಲ್ಲದೆ ಅವನ ಪಕ್ಕ ಕೂತಳು.

ಅಜ್ಜಿ ಮೊರವನ್ನು ಕೆಳಗಿಟ್ಟು ಬೆರಳು ಮಡಚತೊಡಗಿದಳು. ಹಿರೇ ಮಗ, ಒಂದು. ಸಣ್ಣಾವ, ಎರಡು. ಇಲ್ಲೇ ಬ್ಯಾಂಕಿನಾಗ ಇರೋ ಹುಡುಗಿ, ಮೂರು. ನಾಲ್ಕನೆಯ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು, ಅದನ್ನು ಮಡಚದೆ, ಹೆಸರು ನೆನಪಿಸಿಕೊಳ್ಳುತ್ತ ಬಯಲಿನ ಕಡೆ ನೋಡುತ್ತ ಕೂತಳು.