ಮೂರು ಬಣ್ಣದ ಗೆರೆ

ಅಪ್ಪನ ತೋರುಬೆರಳಿಗೆ ಅಂಟಿಕೊಂಡಿದ್ದ ಕರೀ ಟೇಪು ಬಿಸಿನೀರಿಗೂ ಜಗ್ಗಲಿಲ್ಲ. ಕಾವ್ಯಶ್ರೀ ಉಗುರು ಕೊಟ್ಟು ಎಬ್ಬಿಸಿದಳು, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಳು. ಮೀಯಿಸುವುದು ಮುಗಿದಿತ್ತು. ಹಣೆಗೆ, ತೋಳಿಗೆ ವಿಭೂತಿ ಬಳಿದಾಗಿತ್ತು. ಮರುಳಪ್ಪನನ್ನು ಎತ್ತಿ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಲು ನಾಲ್ಕು ಜನ ಕಾಯುತ್ತ ನಿಂತಿದ್ದರು.

"ಇರ್ಲಿ ಬಿಡವ್ವಾ, ಅಷ್ಟು ಟೇಪು ಏನು ಮಾಡುತ್ತೆ," ಎಂದರು ಅವರಲ್ಲೊಬ್ಬರು.

"ಕಿತ್ತು ತೆಗಿ." ಬಾಗಿಲ ಪಕ್ಕದ ಕುರ್ಚಿಯಲ್ಲಿ ಬಲಗಾಲು ನೀಡಿ ಕೂತಿದ್ದ ಅನ್ನಪೂರ್ಣಮ್ಮ ಮಗಳಿಗೆ ಹೇಳಿದಳು. "ಆ ಕಾರಿನ ಒಂದು ಚೂರೂ ಅವರ ಜೊತೆ ಮಣ್ಣಿಗೆ ಹೋಗಬಾರದು."

ಬೆಳಗಿನಿಂದ ಆಕೆಯ ಬಾಯಿಂದ ಬಂದ ಮೊದಲ ಮಾತು ಇದು. ಗಂಡ ಸತ್ತವಳು ಗೋಳಾಡಿ ಅಳಬೇಕು, ಇವಳು ಟೇಪಿನ ಮೇಲೆ ಜಗಳಕ್ಕೆ ನಿಂತಿದ್ದಾಳಲ್ಲ ಎಂದು ಕೇರಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ. ಅನ್ನಪೂರ್ಣಮ್ಮನಿಗೆ ಅಳು ಬಂದಿರಲಿಲ್ಲ. ಬಂದಿದ್ದು ಸಿಟ್ಟು. ಆ ಸಿಟ್ಟಿನ ಅಡಿಯಲ್ಲಿ ಒಂದೇ ಒಂದು ಪ್ರಶ್ನೆ ಕೂತಿತ್ತು: ಮೂರು ತಿಂಗಳು ಈ ಮನುಷ್ಯ ಆ ಕಾರಿನೊಳಗೆ ಕೂತು ಮಾಡಿದ್ದಾದರೂ ಏನು?

ಕಾರು ಅಂಗಳದಲ್ಲೇ ಇತ್ತು, ನುಗ್ಗೇಮರಕ್ಕೆ ಒತ್ತಿಕೊಂಡು. ಕಂಪನಿಯವರು ಕೂರಿಸಿ ಕೊಟ್ಟಿದ್ದ ಸ್ಟೀರಿಯೋ ಕಿತ್ತು, ಆ ಜಾಗಕ್ಕೆ ಯಾವುದೋ ಟಿವಿಯಂಥದ್ದನ್ನು ತುರುಕಿದ್ದ. ಅದರ ಅಕ್ಕಪಕ್ಕದಿಂದ ಬಣ್ಣಬಣ್ಣದ ವೈರುಗಳು ಹೊರಗೆ ಜೋತುಬಿದ್ದಿದ್ದವು. ನಿನ್ನೆ ಸಂಜೆ ಐದಕ್ಕೆ ಆಕೆ ಬಾಗಿಲಲ್ಲಿ ನಿಂತು "ಕಾಫಿ" ಅಂದಿದ್ದಳು. ಮೂರು ತಿಂಗಳಿಂದ ಅವರಿಬ್ಬರ ನಡುವೆ ಉಳಿದಿದ್ದು ಅಂಥ ಒಂಟಿ ಮಾತುಗಳೇ. ಊಟ. ಕಾಫಿ. ಬಾಗಿಲು ಹಾಕಿ. ಮೂರು ಸಲ ಕೂಗಿದರೂ ಉತ್ತರ ಬರದಿದ್ದಾಗ ಗೊಣಗುತ್ತ, ಕುಂಟುತ್ತ ಹೋಗಿ ಕಾರಿನ ಬಾಗಿಲು ತೆಗೆದಳು. ಮರುಳಪ್ಪ ಸ್ಟೇರಿಂಗಿನ ಹಿಂದೆ, ಬಸ್‌ಸ್ಟ್ಯಾಂಡಿನಲ್ಲಿ ಟೈಮಿಗೆ ಕಾಯುವ ಡ್ರೈವರನಂತೆ ತಲೆ ಒರಗಿಸಿ ಕೂತಿದ್ದ. ಕೈಯಲ್ಲಿ ವೈರು ಕತ್ತರಿಸುವ ಕಟ್ಟರ್. ಹೃದಯ ನಿಂತಿದೆ, ನೋವು ಕಂಡಿರಲಿಕ್ಕಿಲ್ಲ ಎಂದರು ಡಾಕ್ಟರು.

"ಅವ್ವಾ," ಕಾವ್ಯಶ್ರೀ ಟೇಪಿನ ಚೂರನ್ನು ಕಡೆಗೂ ಬಿಡಿಸಿ ಬಂದು ತಾಯಿಯ ಕಾಲ ಬಳಿ ಕೂತಳು. "ಮಣ್ಣು ನಾಲ್ಕು ಗಂಟೆಗೆ. ಹೊಲ ಮೂರು ಕಿಲೋಮೀಟರ್ ಐತೆ, ನಿನಗೆ ನಡಿಯಾಕೆ ಆಗಲ್ಲ. ಅಪ್ಪನ ಕಾರಲ್ಲೇ ಹೋಗಾಣ."

"ಅದನ್ನ ನಾನು ಹತ್ತಲ್ಲ."

"ಆಟೋದಾಗೆ ಕಾಲು ಮಡಚಾಕೆ ಆಗಲ್ವಲ್ಲವ್ವಾ."

"ಆಗದಿದ್ರೆ ಮನೇಲೇ ಇರ್ತೀನಿ. ಮೂರು ತಿಂಗಳು ನನ್ನ ಬಿಟ್ಟು ಅದ್ರಾಗೆ ಕೂತಿದ್ರಲ್ಲ, ಈಗಲೂ ನನ್ನ ಬಿಟ್ಟೇ ಹೋಗ್ಲಿ."

ಕಾವ್ಯಶ್ರೀ ತಲೆ ತಗ್ಗಿಸಿದಳು. ಗಂಡನ ಮಣ್ಣಿಗೆ ಹೋಗದೆ ಮನೆಯಲ್ಲಿ ಉಳಿದವಳು ಎಂಬ ಮಾತು ನ್ಯಾಮತಿಯಲ್ಲಿ ಎಷ್ಟು ವರ್ಷ ಓಡಾಡುತ್ತದೆ ಎಂಬುದು ತಾಯಿಗೂ ಗೊತ್ತು, ಮಗಳಿಗೂ ಗೊತ್ತು.

*

ಮೂರು ತಿಂಗಳ ಹಿಂದೆ ಅವರಿಬ್ಬರೂ ಚನ್ನಗಿರಿಯ ಮಗಳ ಮನೆಯಿಂದ ಹೊರಟಿದ್ದರು. ಅನ್ನಪೂರ್ಣಮ್ಮ ಎಂದಿನಂತೆ ಹಿಂದಿನ ಸೀಟಿನ ಎಡಮೂಲೆಯಲ್ಲಿ, ಮೊಣಕಾಲ ಕೆಳಗೆ ದಿಂಬು ಕೊಟ್ಟು, ಕಾಲನ್ನು ಸೀಟಿನುದ್ದಕ್ಕೂ ನೀಡಿಕೊಂಡಿದ್ದಳು. ಹಾಗೆ ಜಾರಿ ಕೂತರೆ ಮುಂದಿನ ಸೀಟಿನ ಮರೆಯಲ್ಲಿ ಆಕೆ ಇದ್ದಾಳೋ ಇಲ್ಲವೋ ಎಂಬುದೇ ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ಮುಂದೆ ಮರುಳಪ್ಪ, ಹೆಗಲ ಮೇಲೆ ಟವೆಲ್, ಸ್ಟೀರಿಯೋದಲ್ಲಿ ಹಳೇ ಹಾಡು. ಮೂವತ್ತೆರಡು ವರ್ಷ ಬಸ್ಸು ಓಡಿಸಿದವನಿಗೆ ಬಸ್ಸು ಬಿಟ್ಟ ಮೇಲೆ ಉಳಿದಿದ್ದು ಎರಡೇ ಚಟ, ಆ ಕಾರು ಮತ್ತು ಕಾರಿನೊಳಗಿನ ಹಾಡು.

ಬೆಳಿಗ್ಗೆ ಶುಗರ್ ಮಾತ್ರೆ ನುಂಗಿ, ಮಾತಿನ ಭರದಲ್ಲಿ ಅರ್ಧ ರೊಟ್ಟಿಗೇ ಎದ್ದಿದ್ದಳು. ಸಾಸ್ವೆಹಳ್ಳಿ ದಾಟುತ್ತಲೇ ಮೈ ಬೆವರಿತು, ಕೈ ನಡುಗಿತು. "ರೀ" ಅಂದಳು. ಇನ್ನೊಮ್ಮೆ ಅಂದಳು. ಹಾಡು ಹಾಡುತ್ತಲೇ ಇತ್ತು. ಆಮೇಲಿನದು ಆಕೆಗೆ ನೆನಪಿಲ್ಲ.

ಹೊನ್ನಾಳಿಯ ಸೇತುವೆ ಹತ್ತಿರ ಮರುಳಪ್ಪ ಕಾರು ನಿಲ್ಲಿಸಿ "ಇಳಿ ಮಾರಾಯ್ತಿ, ಟೀ ಕುಡಿಯಾಣ" ಅಂದನಂತೆ. ಉತ್ತರ ಬರಲಿಲ್ಲ. ಇಳಿದು ಬಂದು ಬಾಗಿಲು ತೆಗೆದರೆ ಹೆಂಡತಿ ಸೀಟಿನಿಂದ ಕೆಳಗೆ ಜಾರಿ ಬಿದ್ದಿದ್ದಾಳೆ. ಟೀ ಅಂಗಡಿಯವಳು ಓಡಿಬಂದು ಸಕ್ಕರೆ ನೀರು ಕುಡಿಸಿದಳು. ಕಣ್ಣು ಬಿಟ್ಟ ಅನ್ನಪೂರ್ಣಮ್ಮ ಮೊದಲು ಆಡಿದ ಮಾತು ಇದು:

"ನಾನು ಹಿಂದೆ ಸತ್ತು ಬಿದ್ರೂ ನಿಮಗೆ ಗೊತ್ತಾಗಲ್ಲ, ಅಲ್ವಾ?"

ಮರುಳಪ್ಪ ಹಾಡು ನಿಲ್ಲಿಸಿದ. ನ್ಯಾಮತಿಯವರೆಗೂ ಕಾರಿನೊಳಗೆ ಟಯರಿನ ಸದ್ದೊಂದೇ ಇತ್ತು. ಮಾರನೇ ದಿನ ಆಕೆ ಎದ್ದು ನೋಡಿದರೆ ಗಂಡ ಅಂಗಳದಲ್ಲಿ ಚಾಪೆ ಹಾಸಿ, ಸ್ಟೀರಿಯೋವನ್ನು ಕಿತ್ತು ಅದರ ಮೇಲೆ ಮಲಗಿಸಿದ್ದಾನೆ! ಅಯ್ಯೋ ಶಿವನೇ, ನಾನು ಸತ್ತು ಬದುಕಿ ಬಂದಿದ್ದೀನಿ, ಈ ಮಹಾರಾಯನಿಗೆ ಇದ್ದ ಹಾಡು ಸಾಲದೆ ಇನ್ನೂ ದೊಡ್ಡದು ಹಾಕಲು ಹೊರಟಿದ್ದಾನಲ್ಲ ಎಂದು ಆಕೆಯ ಹೊಟ್ಟೆ ಉರಿದುಹೋಯಿತು. ಆಕೆ ಕೇಳಲಿಲ್ಲ, ಆತ ಹೇಳಲಿಲ್ಲ. ಅಂಗಳದಲ್ಲಿ ಕಾರಿಟ್ಟುಕೊಂಡು ಮೂರು ತಿಂಗಳು ಬಸ್ಸಿನಲ್ಲಿ ಆಸ್ಪತ್ರೆಗೆ ಓಡಾಡಿದ್ದಾಯಿತು. ಪ್ರತಿಸಲ ಬಸ್ಸು ಹತ್ತಿಸುವಾಗಲೂ ಮರುಳಪ್ಪ ಅನ್ನುತ್ತಿದ್ದದ್ದು, "ಇನ್ನೊಂಚೂರು ತಾಳು."

*

ಮಧ್ಯಾಹ್ನದ ಹೊತ್ತಿಗೆ ನಾಗೇಂದ್ರಪ್ಪ ಬಂದ. ಮರುಳಪ್ಪನ ಬಸ್ಸಿನಲ್ಲಿ ಇಪ್ಪತ್ತು ವರ್ಷ ಕಂಡಕ್ಟರಾಗಿದ್ದವನು, ಈಗ ಜಗಳೂರು ಕಡೆಯ ಸೊಕ್ಕೆಯಲ್ಲಿ ಹೊಲ ನೋಡಿಕೊಂಡಿದ್ದಾನೆ. ಮೂರು ಬಸ್ಸು ಬದಲಾಯಿಸಿ ಬಂದವನು ಗೋಡೆಗೆ ಒರಗಿ ಕೂತ ಗೆಳೆಯನನ್ನು ನೋಡಿ "ಏನೋ ಮರುಳ, ಹೇಳದೆ ಕೇಳದೆ ಗಾಡಿ ಬಿಟ್ಟೇಬಿಟ್ಯಲ್ಲೋ" ಎಂದು ಮಗುವಿನಂತೆ ಅತ್ತ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಅನ್ನಪೂರ್ಣಮ್ಮನ ಪಕ್ಕ ಬಂದು ಕೂತ.

"ಹಿಂಗೆ ಆಗಬಾರದಿತ್ತು ತಂಗಿ. ಮೂವತ್ತೆರಡು ವರ್ಷ ಒಂದು ಕೋಳೀನೂ ಚಕ್ರಕ್ಕೆ ಕೊಟ್ಟೋನಲ್ಲ. ಡ್ರೈವರ್ ತಲೆ ಮೇಲೆ ಉದ್ದ ಕನ್ನಡಿ ಇರುತ್ತಲ್ಲ, ಅದ್ರಾಗೆ ಇಡೀ ಬಸ್ಸು ಅವನ ಕಣ್ಣಾಗೆ. 'ನಾಗೇಂದ್ರ, ಐದನೇ ಸೀಟಿನ ಕೂಸು ವಾಂತಿ ಮಾಡುತ್ತೆ, ಕವರ್ ಕೊಡು' ಅನ್ನೋನು. ನಾನು ಹೋಗೋದ್ರೊಳಗೆ ಕೂಸು ಬಾಯಿ ತೆಗೆದಿರೋದು."

"ಎಲ್ಲರನ್ನೂ ನೋಡಿದ್ರು ಅಣ್ಣ," ಅನ್ನಪೂರ್ಣಮ್ಮ ಅಂದಳು. "ಹಿಂದೆ ಕೂತ ಹೆಂಡ್ತೀನ ಮಾತ್ರ ನೋಡಲಿಲ್ಲ."

ನಾಗೇಂದ್ರಪ್ಪ ಆಕೆಯನ್ನೇ ದಿಟ್ಟಿಸಿದ. "ಏನಂತೀಯ ತಂಗಿ? ಸಾಸ್ವೆಹಳ್ಳಿ ಸ್ಟಾಪು ಬರೋ ಮುಂಚೆ ಎಡಗಡೆ ಮೂರನೇ ಸೀಟಿಗೆ ತನ್ನ ಟವೆಲ್ ಹಾಕ್ಸೋನು ನನ್ನ ಕೈಲಿ. ಯಾರಿಗೆ ಅಂತ ಆರು ತಿಂಗಳು ಬಾಯಿ ಬಿಡ್ಲಿಲ್ಲ ಕಳ್ಳ. ಮದುವೆಗೆ ಮುಂಚೆ ನೀನು ನಿಮ್ಮೂರಿಂದ ಹೊಲಿಗೆ ಕ್ಲಾಸಿಗೆ ಹೊನ್ನಾಳಿಗೆ ಹೋಗ್ತಿದ್ಯಲ್ಲ, ಆ ವರ್ಷ. ನೀನು ಕೂತ ಮೇಲೇ ಅವನು ಗೇರು ಹಾಕ್ತಿದ್ದಿದ್ದು."

ಅನ್ನಪೂರ್ಣಮ್ಮ ಬೆರಗಾದಳು. ಅಷ್ಟು ತುಂಬಿದ ಬಸ್ಸಿನಲ್ಲಿ ದಿನಾ ಆ ಸೀಟೇ ತನಗೆ ಸಿಗುತ್ತಿದ್ದದ್ದು ತನ್ನ ಅದೃಷ್ಟ ಎಂದು ಆಕೆ ಮೂವತ್ತೈದು ವರ್ಷ ನಂಬಿಕೊಂಡಿದ್ದಳು. ನಲವತ್ತು ಸಲವಾದರೂ ಗಂಡನ ಮುಂದೆಯೇ ಹೇಳಿಕೊಂಡಿದ್ದಳು. ಆತ ಹೂಂ ಅಂದಿದ್ದ, ಅಷ್ಟೇ.

"ಕಡೆಕಡೆಗೆ ಅವನಿಗೆ ಕತ್ತು ಹಿಡ್ಕೊಂತು," ನಾಗೇಂದ್ರಪ್ಪ ಮುಂದುವರಿಸಿದ. "ಎಡಕ್ಕೂ ತಿರುಗದು, ಬಲಕ್ಕೂ ತಿರುಗದು. ಅದಕ್ಕೇ ಬಸ್ಸು ಬಿಟ್ಟ."

*

ಆರಿಫ್ ಬಂದಾಗ ಅಂಗಳದಲ್ಲಿ ಹೆಣ ಕೂರಿಸುವ ಬಿದಿರಿನ ವಿಮಾನಕ್ಕೆ ಚೆಂಡುಹೂ ಕಟ್ಟುತ್ತಿದ್ದರು. ಹೊನ್ನಾಳಿಯಲ್ಲಿ ಕಾರುಗಳಿಗೆ ಸೀಟ್ ಕವರು, ಸ್ಟೀರಿಯೋ ಹಾಕುವ ಅಂಗಡಿ ಅವನದು. ಹಾರ ಹಾಕಿ, ಕೈ ಕಟ್ಟಿ ಸ್ವಲ್ಪ ಹೊತ್ತು ನಿಂತವನು ಹೊರಡುವ ಮೊದಲು ಅನ್ನಪೂರ್ಣಮ್ಮನ ಹತ್ತಿರ ಬಂದ.

"ಬಾ ಇಲ್ಲಿ," ಆಕೆ ಅವನ ಕೈ ಹಿಡಿದೇಬಿಟ್ಟಳು. "ನಿಜ ಹೇಳು. ಏನು ಮಾಡ್ತಿದ್ರು ಅವರು ಆ ಕಾರಾಗೆ? ಸಿನಿಮಾ ನೋಡಾಕಾ?"

"ಅಮ್ಮಾರೇ, ನಂಗೂ ಪೂರ್ತಿ ಗೊತ್ತಿಲ್ರೀ. ಮೊದ್ಲು ಕಂಪನಿ ಸ್ಟೀರಿಯೋನ ಟವೆಲಲ್ಲಿ ಸುತ್ಕೊಂಡು ಬಂದ್ರು. 'ಇದ್ರಾಗೆ ಚಿತ್ರ ಬರಂಗೆ ಮಾಡಾಕೆ ಆಗುತ್ತಾ ಆರಿಫ್' ಅಂದ್ರು. ಬರಲ್ಲ ಮರುಳಪ್ಪಣ್ಣ, ಸ್ಕ್ರೀನ್ ಇರೋದೇ ಬೇರೆ ಹಾಕ್ಬೇಕು ಅಂದೆ. ತಗೊಂಡ್ರು. ಜೊತೆಗೆ ರಿವರ್ಸ್ ಕ್ಯಾಮೆರಾ ತಗೊಂಡ್ರು. ನಾನೇ ಹಾಕ್ಕೊಡ್ತೀನಿ, ಅರ್ಧ ಗಂಟೆ ಕೆಲಸ ಅಂದೆ. ಕೇಳ್ಲಿಲ್ಲ. ಮನೇಲೇ ಮಾಡ್ಕೊಂತೀನಿ ಅಂತ ವೈರಿನ ಚಿತ್ರ ಬರೆಸ್ಕೊಂಡು ಹೋದ್ರು. ಎರಡು ಸಲ ಫ್ಯೂಸ್ ಸುಟ್ಕೊಂಡ್ರು."

"ರಿವರ್ಸ್ ಕ್ಯಾಮೆರಾ ಅಂದ್ರೆ?"

"ಗಾಡಿ ಹಿಂದಕ್ಕೆ ತಗಿಯುವಾಗ ಹಿಂದೆ ಏನೈತೆ ಅಂತ ಮುಂದೆ ಕಾಣುತ್ತಲ್ರೀ, ಅದು. ಅಣ್ಣಂಗೆ ಕತ್ತು ತಿರುಗ್ತಿರಲಿಲ್ಲ ನೋಡ್ರಿ."

ಓಹೋ. ಅನ್ನಪೂರ್ಣಮ್ಮ ಅವನ ಕೈ ಬಿಟ್ಟಳು. ಕಾಂಪೌಂಡಿನ ಗೋಡೆಗೆ ಕಾರು ತಾಗಬಾರದು ಅಂತ ಮೂರು ತಿಂಗಳು! ಮನಸ್ಸಿಗೆ ಪಿಚ್ಚೆನಿಸಿತು. ನಾಗೇಂದ್ರಪ್ಪನ ಮಾತು ಕೇಳಿದ ಮೇಲೆ ತಾನು ಏನನ್ನೋ ಆಸೆಪಟ್ಟಿದ್ದೆ ಎಂಬುದು ಆಗಲೇ ಆಕೆಗೆ ಗೊತ್ತಾದದ್ದು.

"ಆದ್ರೆ ಎರಡು ವಿಷಯ ತಲೆಗೇ ಹೋಗ್ತಿಲ್ರೀ," ಆರಿಫ್ ಗಡ್ಡ ಕೆರೆದುಕೊಂಡ. "ಕ್ಯಾಮೆರಾನ ನಂಬರ್ ಪ್ಲೇಟ್ ಮೇಲೆ ಕೂರಿಸಾಕೆ ಒಂದು ಕ್ಲಾಂಪು ಬರುತ್ತೆ. ಅದನ್ನ ಅಂಗಡೀಲೇ ಬಿಟ್ಟೋದ್ರು. ಬೇಡ ಅಂದ್ರು. ಇನ್ನೊಂದು, ಮೊನ್ನೆ ಫೋನ್ ಮಾಡಿ 'ಆ ಮೂರು ಬಣ್ಣದ ಗೆರೆ ಅಡ್ಡ ಬರುತ್ತಲ್ಲ, ತೆಗಿಯಾಕೆ ಆಗುತ್ತಾ' ಅಂದ್ರು. ಗಾಡಿ ಎಲ್ಲೀವರೆಗೆ ಹೋಗಬಹುದು ಅಂತ ತೋರ್ಸಾಕೆ ಹಸಿರು, ಹಳದಿ, ಕೆಂಪು ಗೆರೆ ಬರುತ್ವೆ. ಎಲ್ಲಾರೂ ಗೆರೆ ಬೇಕು ಅಂತಾರೆ, ಇವ್ರು ಬೇಡ ಅಂದ್ರು! ಕ್ಯಾಮೆರಾ ಹತ್ರ ಒಂದು ಸಣ್ಣ ವೈರು ಸುತ್ತಿರುತ್ತೆ, ಕಟ್ ಮಾಡಿದ್ರೆ ಗೆರೆ ಹೋಗುತ್ತೆ ಅಂತ ಹೇಳಿದ್ದೆ."

ಕಟ್ಟರ್. ಆಕೆಗೆ ಗಂಡನ ಕೈ ಕಣ್ಣಮುಂದೆ ಬಂತು.

"ಹೋಗಿ ನೋಡು," ಅಂದಳು.

ಆರಿಫ್ ಕಾರಿನ ಹಿಂದೆ ಹೋಗಿ ಬಗ್ಗಿ ನೋಡಿದ. ನಂಬರ್ ಪ್ಲೇಟಿನ ಮೇಲೆ ನೋಡಿದ, ಬಂಪರಿನ ಕೆಳಗೆ ಕೈಯಾಡಿಸಿದ, ಡಿಕ್ಕಿ ತೆಗೆದು ಮುಚ್ಚಿದ. ಹೂ ಕಟ್ಟುತ್ತಿದ್ದವರೂ ಎದ್ದುಹೋಗಿ ಬಗ್ಗಿ ನೋಡಿದರು. ಕ್ಯಾಮೆರಾ ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಟ್ರ್ಯಾಕ್ಟರು ಬಂತು. ಮರುಳಪ್ಪನನ್ನು ವಿಮಾನದಲ್ಲಿ ಕೂರಿಸಿ ಟ್ರೈಲರಿನ ಮೇಲೆ ಏರಿಸಿದರು. ಭಜನೆಯವರು ತಾಳ ತಟ್ಟಿದರು. ಕಾವ್ಯಶ್ರೀ ತಾಯಿಯ ಕಡೆ ನೋಡಿದಳು.

"ನಡಿ," ಅನ್ನಪೂರ್ಣಮ್ಮ ಕುರ್ಚಿಯ ಕೈ ಹಿಡಿದು ಎದ್ದಳು. "ಆ ಕಾರಲ್ಲೇ ಹೋಗಾಣ. ಏನು ಮಾಡಿಟ್ಟಿದ್ದಾರೋ ನೋಡೇಬಿಡ್ತೀನಿ. ಆರಿಫ್, ನೀನೇ ಓಡಿಸಪ್ಪಾ."

ಹಿಂದಿನ ಎಡಬಾಗಿಲಿಗೆ ನುಗ್ಗೇಮರ ಅಡ್ಡವಿತ್ತು. ಅದಕ್ಕೇ ಆಕೆಯನ್ನು ಬಲಗಡೆಯಿಂದ ಹತ್ತಿಸಿ, ಕಾವ್ಯಶ್ರೀ ಮುಂದೆ ಕೂತಳು. ಆರಿಫ್ ಜೋತುಬಿದ್ದ ವೈರುಗಳನ್ನು ಒಳಗೆ ತಳ್ಳಿ ಕೀ ತಿರುಗಿಸಿದ. ಪರದೆ ಒಮ್ಮೆ ನೀಲಿಯಾಗಿ ಆಮೇಲೆ ಬೆಳಗಿತು.

"ಇದೇನ್ರೀ ಇದು, ರಿವರ್ಸ್ ಗೇರೇ ಹಾಕಿಲ್ಲ ನಾನು..."

ಪರದೆಯಲ್ಲಿ ರಸ್ತೆ ಇರಲಿಲ್ಲ, ಕಾಂಪೌಂಡಿನ ಗೋಡೆಯೂ ಇರಲಿಲ್ಲ. ಇದ್ದದ್ದು ಒಂದು ಖಾಲಿ ಸೀಟು. ಸೀಟಿನ ಮೇಲೆ ಮಾಸಿದ ಹೂವಿನ ಬಟ್ಟೆಯ ದಿಂಬು. ದಿಂಬಿನ ಮೇಲೆ ಹಸಿರು, ಹಳದಿ, ಕೆಂಪು ಗೆರೆ. ಆ ದಿಂಬಿಗೆ ಗವುಸು ಹೊಲಿದವಳು ಅನ್ನಪೂರ್ಣಮ್ಮನೇ. ಪಕ್ಕಕ್ಕೆ ತಿರುಗಿ ನೋಡಿದಳು. ಅದು ಅಲ್ಲೇ, ಎಡಮೂಲೆಯಲ್ಲಿ, ಆಕೆ ಇಟ್ಟ ಹಾಗೆಯೇ ಇತ್ತು.

ಆರಿಫ್ ತಲೆ ಎತ್ತಿದ. ಒಳಗಿನ ದೀಪದ ಪಕ್ಕ ಹುಣಸೇಬೀಜದಷ್ಟು ಕರೀ ಕಣ್ಣೊಂದು, ಟೇಪು ಸುತ್ತಿಸಿಕೊಂಡು, ಹಿಂದಿನ ಸೀಟಿನ ಎಡಮೂಲೆಯನ್ನೇ ನೋಡುತ್ತಿತ್ತು.

"ರಿವರ್ಸಿನ ವೈರನ್ನ ಕೀಗೇ ಕೊಟ್ಟಾರೆ," ಆರಿಫನ ದನಿ ಇಳಿಯಿತು. "ಗಾಡಿ ಆನ್ ಆದಾಗಿಂದ ಆಫ್ ಆಗೋತನಕ ಇದೊಂದೇ ಕಾಣೋದು. ಸ್ಪೀಕರಿನ ವೈರು ಜೋಡ್ಸೇ ಇಲ್ಲ ಅಮ್ಮಾರೇ. ಟೇಪು ಸುತ್ತಿ ಬಿಟ್ಟಾರೆ."

ಕಾವ್ಯಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. ಅನ್ನಪೂರ್ಣಮ್ಮನಿಗೆ ಆಗ ಬಂತು ಅಳು. ನಿನ್ನೆಯಿಂದ ಬಾರದ್ದು, ಮೂರು ತಿಂಗಳಿಂದ ಬಾರದ್ದು, ಎಲ್ಲ ಒಟ್ಟಿಗೆ ಬಂತು. "ಒಂದು ಮಾತು ಹೇಳಬಾರದಿತ್ತೇನ್ರೀ," ಎಂದು ಮುಂದಿನ ಸೀಟಿನ ಬೆನ್ನಿಗೆ ಹಣೆ ಕೊಟ್ಟು ಅತ್ತಳು.

ಟ್ರ್ಯಾಕ್ಟರು ಹೊರಟಿತು. ಆರಿಫ್ ಮೇಲಿನ ಸಣ್ಣ ವೈರನ್ನು ಬೆರಳಲ್ಲಿ ಮುಟ್ಟಿದ. "ಗೆರೆ ತೆಗೀಲಾ ಅಮ್ಮಾರೇ? ಒಂದು ಕಟ್ ಅಷ್ಟೇ."

"ಬೇಡಪ್ಪಾ. ಅವರು ಬಿಟ್ಟಲ್ಲಿಗೇ ಇರ್ಲಿ. ತಡೀ, ಗಾಡಿ ಬಿಡಬೇಡ."

ಆಕೆ ಸೀಟಿಗೆ ಕೈಯೂರಿ, ನೋಯುವ ಕಾಲನ್ನು ಎಳೆದುಕೊಳ್ಳುತ್ತ ಎಡಕ್ಕೆ ಸರಿದಳು. ಪರದೆಯಲ್ಲಿ ಮೊದಲು ಒಂದು ಕೈ ಬಂತು, ಆಮೇಲೆ ಸೀರೆಯ ಅಂಚು, ಆಮೇಲೆ ಹೆಗಲು. ಮೊಣಕಾಲ ಕೆಳಗೆ ದಿಂಬು ಸರಿಮಾಡಿಟ್ಟು, ಒದ್ದೆ ಮುಖ ಒರೆಸಿ, ಕೆದರಿದ ಕೂದಲು ಹಿಂದಕ್ಕೆ ತೀಡಿ, ಸೆರಗು ಹೊದ್ದು, ಅನ್ನಪೂರ್ಣಮ್ಮ ಮೂರು ಗೆರೆಗಳ ಹಿಂದೆ ಮುಖ ಕಾಣುವ ಹಾಗೆ ನೆಟ್ಟಗೆ ಕೂತಳು.